ಸುಮ್ಮನಿದ್ದವರಿಗೂ ಒಂದು ಅಂಕಿ

ಹೇಳಿದರೆ ಕೆಲಸ ಹೋಗಬಹುದು, ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದಿಲ್ಲವೆಂದು ಹೇಗೆ ನಂಬುವುದು? ಆ ಕಡತ ಆಗಲೇ ಮೂರು ಸಂಸ್ಥೆಗಳ ಕೈ ಸೇರಿದೆ. ಅವರಲ್ಲಿ ಒಬ್ಬರಾದರೂ ಒಂದು ದಿನ ಅದನ್ನು ಔಷಧಿ ಅಂಗಡಿಗಳ ಅಂಕಿಗಳ ಪಕ್ಕದಲ್ಲಿಟ್ಟು ನೋಡಿಯಾರು, ನೋಡದೆಯೂ ಇದ್ದಾರು. ತಪ್ಪು ಮಾಡಿದವಳ ಹೆಸರು ಅದರ ಮೇಲೆಲ್ಲೂ ಇಲ್ಲ. ಹಾಗಾದರೆ ಮೂರು ದಿನದಿಂದ ಊಟ ಯಾಕೆ ಸೇರುತ್ತಿಲ್ಲ?

2019ರ ಆಗಸ್ಟ್ ತಿಂಗಳ ಮೊದಲ ದಿನ, ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಕಚೇರಿಯ ಮೆಟ್ಟಿಲ ಮೇಲೆ, ಕೈಯಲ್ಲಿ ಹೆಲ್ಮೆಟ್ ಹಿಡಿದು, ನಾನು ಹೀಗೆ ನನ್ನೊಡನೆಯೇ ವಾದಿಸುತ್ತ ನಿಂತಿದ್ದೆ. ಮೆಟ್ಟಿಲು ಮುಗಿದಲ್ಲಿ, ಬಾಗಿಲಿಗೆ ಎದುರಾಗಿ ಕುಳಿತಿರುತ್ತಿದ್ದವರು ಶ್ರೀ ಪ್ರೇಮ್‌ಕುಮಾರ್ ಅವರು. ಅವರ ನಿವೃತ್ತಿಯ ಸಂದರ್ಭದ ಈ ಅಭಿನಂದನ ಸಂಪುಟಕ್ಕೆ ಬರೆಯಬೇಕೆಂದು ಸಂಪಾದಕರು ಕೇಳಿದಾಗ, ಅವರ ಗುಣಗಳನ್ನು ಸಾಲಾಗಿ ಹೇಳಿ ಮುಗಿಸುವುದು ನನಗೆ ಸುಲಭವಿತ್ತು. ಆದರೆ ಆ ಮೆಟ್ಟಿಲನ್ನು ದಾಟದೆ ಅವರ ವಿಷಯ ಬರೆಯುವುದು ನನ್ನಿಂದಾಗಲಿಲ್ಲ.

ಆರೋಗ್ಯ ಕ್ಷೇತ್ರದ ಮಾರುಕಟ್ಟೆ ಸಂಶೋಧನೆಯೆಂದರೆ ಏನೆಂದು ಈ ಸಂಪುಟದ ಎಲ್ಲ ಓದುಗರಿಗೂ ತಿಳಿದಿರಬೇಕಿಲ್ಲ. ಯಾವ ಬಡಾವಣೆಯಲ್ಲಿ ಯಾವ ಔಷಧಿ ಎಷ್ಟು ಹೋಗುತ್ತದೆ, ಯಾರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಾರೆ, ಯಾಕೆ ಬಿಡುತ್ತಾರೆ ಎಂಬುದನ್ನು ಔಷಧಿ ಕಂಪನಿಗಳೂ ಆಸ್ಪತ್ರೆಗಳೂ ಆರೋಗ್ಯ ಟ್ರಸ್ಟುಗಳೂ ತಿಳಿಯಬಯಸುತ್ತವೆ. ಒಬ್ಬೊಬ್ಬರೂ ಪ್ರತ್ಯೇಕ ಸಮೀಕ್ಷೆ ಮಾಡಿಸುವ ಬದಲು, ನಮ್ಮಂಥ ಕೇಂದ್ರ ಒಮ್ಮೆ ಮಾಡಿದ್ದನ್ನು ಹಲವರು ಹಂಚಿಕೊಂಡು ಬಳಸುತ್ತಾರೆ. ಹೀಗೆ ಹಂಚಿಕೆಯಾಗುವ ಡೇಟಾವನ್ನು ಜೋಡಿಸುವುದು, ಕಾಯುವುದು, ಅದರ ಮಿತಿಯೇನೆಂದು ಬಳಸುವವರಿಗೆ ತಿಳಿಸುವುದು ಒಂದು ಪ್ರತ್ಯೇಕ ವಿದ್ಯೆ. ಈ ವಿದ್ಯೆಗೆ ನಮ್ಮ ನಗರದಲ್ಲಿ ಪಠ್ಯವೂ ಇರಲಿಲ್ಲ, ಗುರುವೂ ಇರಲಿಲ್ಲ. ಪ್ರೇಮ್‌ಕುಮಾರ್ ಅವರು ಮಾಡುತ್ತ ಮಾಡುತ್ತ ಅದನ್ನು ಕಟ್ಟಿದರು. ನಮ್ಮ ಕಚೇರಿಯಲ್ಲಿ ಅದಕ್ಕೆ ಭಂಡಾರವೆಂದೇ ಹೆಸರು.

ಟಿ. ನರಸೀಪುರದ ಕಡೆಯ ಹಳ್ಳಿಯಿಂದ ಬಂದು ಅಶೋಕಪುರಂನಲ್ಲಿ ನೆಲೆಸಿದ ಮೂಗಯ್ಯ ಮತ್ತು ಪುಟ್ಟಲಿಂಗಮ್ಮ ದಂಪತಿಯ ಎರಡನೆಯ ಮಗ ಅವರು. ಬಿ.ಕಾಂ. ಮುಗಿಸಿ, 1997ರಲ್ಲಿ ನಮ್ಮ ಕೇಂದ್ರಕ್ಕೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಸಮೀಕ್ಷಕರಾಗಿ ಸೇರಿದರು. ಎಂಟು ವರ್ಷ ಬಾಗಿಲು ಬಡಿದರು. 2005ರಲ್ಲಿ ಕಂಪ್ಯೂಟರ್ ಎದುರು ಕುಳಿತಾಗಲೂ ಅವರ ಕಿವಿ ಬಾಗಿಲ ಬಳಿಯೇ ಉಳಿದಿತ್ತೆಂದು ನನಗನಿಸುತ್ತದೆ. ಏಕೆಂದರೆ ಭಂಡಾರದಲ್ಲಿ ಅವರು ಮಾಡಿದ ಮೊದಲ ಕೆಲಸ, ಉತ್ತರ ಬರದ ಕಡೆ ಖಾಲಿ ಬಿಡಕೂಡದು ಎಂಬ ನಿಯಮ. ಹೇಳಲು ಒಪ್ಪದವರಿಗೆ ತೊಂಬತ್ತೇಳು. ಗೊತ್ತಿಲ್ಲ ಎಂದವರಿಗೆ ತೊಂಬತ್ತೆಂಟು. ಇವೆರಡನ್ನು ಬೇರೆಯವರೂ ಬಳಸುತ್ತಾರೆ. ಅವರು ಮೂರನೆಯದೊಂದನ್ನು ಸೇರಿಸಿದರು: ಪ್ರಶ್ನೆ ಕೇಳಿದ ಮೇಲೆ ಸುಮ್ಮನಿದ್ದವರಿಗೆ ತೊಂಬತ್ತೊಂಬತ್ತು.

ಸುಮ್ಮನಿದ್ದವರನ್ನು ಒಪ್ಪದವರ ಜೊತೆಗೇ ಸೇರಿಸಬಹುದಲ್ಲ ಎಂದು ಹೊಸಬರು ಕೇಳುವುದಿತ್ತು. ಒಪ್ಪದವರು ಬಾಗಿಲು ಹಾಕಿಕೊಂಡಿದ್ದಾರೆ, ಸುಮ್ಮನಿದ್ದವರು ಬಾಗಿಲಲ್ಲೇ ನಿಂತಿದ್ದಾರೆ ಎನ್ನುತ್ತಿದ್ದರು ಪ್ರೇಮ್‌ಕುಮಾರ್. ಅದಕ್ಕಿಂತ ಹೆಚ್ಚು ವಿವರಿಸಿದ್ದು ನಾನು ಕೇಳಿಲ್ಲ.

ಅವರ ಇನ್ನೊಂದು ಏರ್ಪಾಡು ತಿದ್ದೋಲೆ. ಭಂಡಾರದಲ್ಲಿ ತಪ್ಪು ಕಂಡುಬಂದರೆ, ಮಾಡಿದವರು ಒಂದು ಹಳದಿ ಹಾಳೆಯಲ್ಲಿ ತಮ್ಮ ಕೈಯಾರೆ, ಕನ್ನಡದಲ್ಲಿ, ಏನಾಯಿತು, ಯಾವ ದಿನದಿಂದ, ಯಾರು ಯಾರಿಗೆ ತಲುಪಿತು ಎಂದು ಬರೆದು ಸಹಿ ಹಾಕಬೇಕು. ಸೋಮವಾರ ಹತ್ತು ಗಂಟೆಗೆ ಎಲ್ಲರೆದುರು ಓದಬೇಕು. ಅದರ ಪ್ರತಿ, ಡೇಟಾ ಪಡೆದ ಪ್ರತಿಯೊಂದು ಸಂಸ್ಥೆಗೂ ಹೋಗಬೇಕು. ಇದು ಶಿಕ್ಷೆಯೆಂದು ತಿಳಿದವರುಂಟು. ನಾನೂ ಮೊದಲು ಹಾಗೇ ತಿಳಿದಿದ್ದೆ.

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೇಂದ್ರಕ್ಕೆ ಸೇರಿ ಆಗ ಐದು ತಿಂಗಳಾಗಿತ್ತು. ಸಕ್ಕರೆ ಕಾಯಿಲೆಯುಳ್ಳ ಮಹಿಳೆಯರ ಸಮೀಕ್ಷೆಯೊಂದನ್ನು ಹತ್ತು ಬಡಾವಣೆಗಳಲ್ಲಿ ಮುಗಿಸಿದ್ದೆವು. ಅದರಲ್ಲಿ ಒಂದು ಪ್ರಶ್ನೆ: ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ದಿನ ಮಾತ್ರೆ ತಪ್ಪಿತು? ಸರಾಸರಿ ತೆಗೆಯುವಾಗ ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೊಂಬತ್ತುಗಳು ಅಡ್ಡ ಬಂದವು. ಉತ್ತರವಿಲ್ಲವೆಂದರೆ ಏನೂ ಇಲ್ಲ ತಾನೆ ಎಂದುಕೊಂಡು ಮೂರನ್ನೂ ಸೊನ್ನೆಯಾಗಿಸಿದೆ. ನನ್ನ ಪ್ರತಿಯಲ್ಲಿ ಮಾಡಿದೆನೆಂದು ತಿಳಿದಿದ್ದೆ. ಮಾಡಿದ್ದು ಎಲ್ಲರಿಗೂ ಹಂಚುವ ಮೂಲ ಪ್ರತಿಯಲ್ಲಿ.

ಆ ಪ್ರಶ್ನೆಗೆ ಸೊನ್ನೆಯೆಂದರೆ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲವೆಂದು ಅರ್ಥ. ಆ ಹತ್ತು ಬಡಾವಣೆಗಳಲ್ಲೊಂದಾದ ನಜರ್‌ಬಾದಿನಲ್ಲಿ ಮಾತಾಡಿಸಿದ ನೂರ ಅರವತ್ತು ಮಹಿಳೆಯರಲ್ಲಿ ಎಪ್ಪತ್ನಾಲ್ಕು ಮಂದಿ ಈ ಪ್ರಶ್ನೆಗೆ ಸುಮ್ಮನಿದ್ದರು. ಅಲ್ಲಿನ ಭೇಟಿಗಳೆಲ್ಲ ಭಾನುವಾರ ನಡೆದು, ಮನೆಮಂದಿಯೆಲ್ಲ ಎದುರಿಗೇ ಕೂತಿದ್ದದ್ದು ಅದಕ್ಕೆ ಕಾರಣ. ಅಷ್ಟೂ ಜನ, ಕಂಪ್ಯೂಟರಿಗೆ ನಾನು ಬರೆದ ಒಂದು ಸಾಲಿನಿಂದ, ಊರಿನಲ್ಲೇ ಅತ್ಯಂತ ಶಿಸ್ತಿನ ರೋಗಿಗಳಾಗಿಬಿಟ್ಟರು. ಆ ಡೇಟಾ ಪಡೆದ ಮೂವರಲ್ಲಿ ಒಂದು ಕಂಪನಿ, ತನ್ನ ದಾದಿಯರನ್ನು ವರ್ಷವಿಡೀ ಮನೆಗೇ ಕಳಿಸಿ ರೋಗಿಗಳನ್ನು ನೋಡಿಕೊಳ್ಳುವ ಯೋಜನೆಗೆ ಐದು ಬಡಾವಣೆಗಳನ್ನು ಆರಿಸುವುದರಲ್ಲಿತ್ತು. ಅವರ ಕರಡು ವರದಿ ನಜರ್‌ಬಾದನ್ನು ಹೊಗಳಿ, ಅಲ್ಲಿ ದಾದಿಯರ ಅಗತ್ಯವಿಲ್ಲವೆಂದು ಕೈಬಿಟ್ಟಿತ್ತು. ಅಂತಿಮ ಸಭೆ ಆಗಸ್ಟ್ ಇಪ್ಪತ್ತೆರಡಕ್ಕೆ. ಔಷಧಿ ಅಂಗಡಿಗಳ ಅಂಕಿಗಳನ್ನು ನೋಡುತ್ತಿದ್ದಾಗ, ಆ ಬಡಾವಣೆಯಲ್ಲಿ ಹೋಗಬೇಕಾದಷ್ಟು ಮಾತ್ರೆ ಹೋಗಿಲ್ಲವೆಂಬುದು ನನ್ನ ಕಣ್ಣಿಗೆ ಬಿತ್ತು. ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಆ ಮೆಟ್ಟಿಲು.

ಪ್ರೇಮ್‌ಕುಮಾರ್ ಅವರು ನಾನು ಹೇಳಿದ್ದನ್ನೆಲ್ಲ ಕೇಳಿದರು. ನಮ್ಮ ಮೈಸೂರಿನಲ್ಲಿ ಸಿಟಿ ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರೂ ಪರವಾಗಿಲ್ಲ ಬಿಡಿ ಎನ್ನುತ್ತಾರೆ. ಆ ಮಾತಿಗಾಗಿ ನಾನು ಕಾದೆ. ಅವರು ಮೇಜಿನ ಖಾನೆ ಎಳೆದು ಒಂದು ಹಳದಿ ಹಾಳೆ ತೆಗೆದು ನನ್ನೆದುರು ಇಟ್ಟರು.

"ಕೂತ್ಕೊಂಡು ಬರಿಯಮ್ಮ. ಅವಸರ ಬೇಡ. ಮೂರು ದಿನ ಯಾಕೆ ಸುಮ್ಮನಿದ್ದೆ ಅನ್ನೋದನ್ನೂ ಸೇರಿಸು."

ಮುಂದಿನದು ಆಗಿನ ನಿರ್ದೇಶಕರಾದ ಶ್ರೀ ಸುಂದರೇಶ ಅವರ ಕೊಠಡಿಯಲ್ಲಿ ನಡೆಯಿತು. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬರಿ, ನಾನು ಅವತ್ತು ಹೆದರಿದ್ದೆ ಅಂತಲೂ ಬರಿ ಎಂದು ಅವರೇ ಹೇಳಿದ್ದಾರೆ. ಮೂರೂ ಸಂಸ್ಥೆಗಳ ಜೊತೆ ಮುಂದಿನ ವರ್ಷದ ಒಪ್ಪಂದದ ಮಾತು ನಡೆಯುತ್ತಿದ್ದ ಸಮಯವದು. ಸರಿಪಡಿಸಿದ ಕಡತವನ್ನು ಸದ್ದಿಲ್ಲದೆ ಹಳೆಯದರ ಜಾಗಕ್ಕೆ ಹಾಕಿಬಿಟ್ಟರೆ ಆಯಿತು, ಹುಡುಗಿಯ ಹೆಸರೂ ಉಳಿಯುತ್ತದೆ, ಕೇಂದ್ರದ ಹೆಸರೂ ಉಳಿಯುತ್ತದೆ ಎಂಬುದು ಅವರ ಸಲಹೆ. ನನಗೆ ಆ ಸಲಹೆ ಎಷ್ಟು ಹಿತವಾಗಿ ಕೇಳಿಸಿತೆಂಬುದನ್ನು ಮುಚ್ಚಿಡಲಾರೆ.

"ಬಾವಿಗೆ ಏನೋ ಬಿದ್ದದೆ ಅಂತ ಗೊತ್ತಾದ್ಮೇಲೆ, ನಾವು ಮಾತ್ರ ತೆಗೆದು ಸುಮ್ಮನಾಗ್ಬುಟ್ರೆ ಆಗಲ್ಲ ಸಾರ್," ಎಂದರು ಪ್ರೇಮ್‌ಕುಮಾರ್. "ಆಗಲೇ ನೀರು ಸೇದ್ಕೊಂಡು ಹೋದೋರಿಗೂ ಹೇಳ್ಬೇಕು."

"ಒಪ್ಪಂದ ಹೋದ್ರೆ?"

"ಒಂದು ಹೋಗ್ಬೌದು. ಹೇಳದೆ ಇದ್ದು ಆಮೇಲೆ ಗೊತ್ತಾದ್ರೆ ಮೂರೂ ಹೋಯ್ತದೆ. ಅದು ಬುಡಿ, ನಜರ್‌ಬಾದ್ ಆಗಲೇ ಹೋಗ್ಬುಟ್ಟದೆ."

ಸೋಮವಾರ ನಾನು ತಿದ್ದೋಲೆ ಓದಿದೆ. ಕ್ಷೇತ್ರಕಾರ್ಯದ ಮೇಲ್ವಿಚಾರಕಿ ಮಂಜುಳಮ್ಮ ನಡುವೆ ಒಮ್ಮೆ ಕೆಮ್ಮಿದರು, ಅಷ್ಟೆ. ಓದಿ ಮುಗಿದ ಮೇಲೆ ಮೂರು ಸಂಸ್ಥೆಗಳಿಗೂ ನಾನೇ ಫೋನ್ ಮಾಡಬೇಕಾಯಿತು; ಪ್ರೇಮ್‌ಕುಮಾರ್ ಪಕ್ಕದ ಕುರ್ಚಿಯಲ್ಲಿ ಕೂತು ಬೇರೇನೋ ಕಾಗದ ನೋಡುತ್ತಿದ್ದರು. ಒಂದು ಸಂಸ್ಥೆ ಅದೇ ವಾರ ನಮ್ಮೊಡನೆ ವ್ಯವಹಾರ ನಿಲ್ಲಿಸಿತು. ಎರಡನೆಯದು ಧನ್ಯವಾದ ಹೇಳಿತು. ಮೂರನೆಯದೇ ದಾದಿಯರ ಯೋಜನೆಯ ಕಂಪನಿ. ಸೊನ್ನೆಗಳನ್ನು ತೆಗೆದರೆ ನಜರ್‌ಬಾದಿನ ಬಗ್ಗೆ ಹೇಳಲು ಅರ್ಧದಷ್ಟು ಉತ್ತರಗಳೇ ಇಲ್ಲವಲ್ಲ, ಉತ್ತರವಿಲ್ಲದ ಬಡಾವಣೆಯನ್ನು ನಾವು ಆರಿಸುವುದು ಹೇಗೆ ಎಂದು ಕೇಳಿತು. ನ್ಯಾಯವಾದ ಪ್ರಶ್ನೆಯೇ. ಅದರ ಬೆನ್ನಿಗೇ ಇನ್ನೊಂದು ಮಾತೂ ಬಂತು: ಆ ಎಪ್ಪತ್ನಾಲ್ಕು ಜನರ ಹೆಸರು, ಫೋನ್ ನಂಬರ್ ಕಳಿಸಿದರೆ ಅವರ ಕಾಲ್ ಸೆಂಟರಿನವರು ಎರಡೇ ದಿನದಲ್ಲಿ ಕೇಳಿ ಮುಗಿಸುತ್ತಾರೆ.

ಭಂಡಾರದಲ್ಲಿ ಜನ ಅಂಕಿಗಳಾಗಿ ಮಾತ್ರ ಇರುತ್ತಾರೆ. ಯಾವ ಅಂಕಿ ಯಾರೆಂಬ ಪಟ್ಟಿ ಬೇರೆಯಾಗಿ, ಕಾಗದದ ಮೇಲೆ, ಒಂದು ಕಬ್ಬಿಣದ ಬೀರುವಿನಲ್ಲಿರುತ್ತದೆ. ಅದಕ್ಕೆ ಎರಡು ಬೀಗ. ಒಂದರ ಕೀ ಪ್ರೇಮ್‌ಕುಮಾರ್ ಬಳಿ, ಇನ್ನೊಂದರದು ಮಂಜುಳಮ್ಮನ ಬಳಿ. ಇಬ್ಬರೂ ಬಂದ ಹೊರತು ಅದು ತೆರೆಯುವುದಿಲ್ಲ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಪ್ರೇಮ್‌ಕುಮಾರ್ ಹೇಳಿದ ಮಾತು ಇಂದಿಗೂ ನಮ್ಮ ತರಬೇತಿಯ ಮೊದಲ ಪಾಠ:

"ಹೆಸರು ನಮ್ಮತ್ರ ಇಟ್ಕೊಂಡಿರೋದು ಕೊಡೋಕಲ್ಲ ಸಾರ್, ಕೊಡದೇ ಇರೋಕೆ. ನಾವೇ ಹೋಗಿ ಕೇಳ್ಕೊಂಡು ಬತ್ತೀವಿ. ಇಪ್ಪತ್ತನೇ ತಾರೀಖಿಗೆ ನಿಮ್ಮ ಕೈಲಿರ್ತದೆ."

ಹದಿನೈದು ದಿನ, ಎಪ್ಪತ್ನಾಲ್ಕು ಮನೆ. ಐವತ್ತನಾಲ್ಕರ ವಯಸ್ಸಿನಲ್ಲಿ, ಭಂಡಾರದ ಮುಖ್ಯಸ್ಥರಾಗಿದ್ದ ಅವರು ತಮ್ಮ ಹಳೆಯ ಚೀಲವನ್ನು ಹೆಗಲಿಗೇರಿಸಿ ನಮ್ಮ ಜೊತೆ ಬೀದಿಗಿಳಿದರು. ಬೇರೆ ಯಾರನ್ನಾದರೂ ಕಳಿಸಿ ಪ್ರೇಮಣ್ಣ, ಮಂಡಿನೋವು ಅಂತೀರಲ್ಲ ಎಂದು ಮಂಜುಳಮ್ಮ ಛೇಡಿಸಿದರೆ, ಮಂಡಿಗೆ ತಾನೆ ನೋವು, ಬಾಯಿಗಲ್ಲವಲ್ಲ ಎಂದು ಮುಂದೆ ನಡೆದರು.

ನಾನು ಕಲಿತದ್ದೆಲ್ಲ ಆ ಹದಿನೈದು ದಿನಗಳಲ್ಲಿ. ಭಾನುವಾರ ಹೋಗಲಿಲ್ಲ. ಮನೆ ಹೊಕ್ಕೊಡನೆ ಪ್ರೇಮ್‌ಕುಮಾರ್ ಮನೆಯ ಯಜಮಾನರನ್ನು ಹೊರಗೆ ಜಗಲಿಗೆ ಕರೆತಂದು ಅವರ ಬಿ.ಪಿ., ಅವರ ಮಂಡಿ, ಅವರ ಸರ್ವೀಸು ಎಲ್ಲವನ್ನೂ ವಿಚಾರಿಸಲು ಕೂರುತ್ತಿದ್ದರು. ಸೊಸೆಯೋ ಅತ್ತೆಯೋ ಇದ್ದರೆ ಮಂಜುಳಮ್ಮ ಅವರ ಜೊತೆ ಹಿತ್ತಿಲಿಗೆ ಹೋಗುತ್ತಿದ್ದರು. ಒಳಗೆ ನಾನು ಮತ್ತು ಆ ಹೆಂಗಸು. ಪ್ರಶ್ನೆಯನ್ನು ಮತ್ತೆ ಕೇಳಬೇಡ, ಮಾತ್ರೆ ಎಲ್ಲಿಟ್ಟಿದ್ದಾರೆಂದು ಮಾತ್ರ ಕೇಳು, ತರಲು ಎದ್ದವರು ಬರುವಾಗ ಮಾತನ್ನೂ ತರುತ್ತಾರೆ ಎಂದು ಪ್ರೇಮ್‌ಕುಮಾರ್ ಹೇಳಿಕೊಟ್ಟಿದ್ದರು.

ಕೆಲವು ಮನೆಗಳಲ್ಲಿ ಹೆಸರಾದ ಮೇಲೆ ಊರು ಕೇಳುತ್ತಿದ್ದರು, ಊರಾದ ಮೇಲೆ ಬೀದಿ. ಮೂರು ಪ್ರಶ್ನೆಯ ಕಷ್ಟ ಅವರಿಗೇಕೆಂದು ಪ್ರೇಮ್‌ಕುಮಾರ್ ಮೊದಲನೆಯದಕ್ಕೇ ಅಶೋಕಪುರಂ ಎಂದು ಹೇಳಿಬಿಡುತ್ತಿದ್ದರು. ಆಮೇಲೆ ಕೆಲವು ಕಡೆ ಕಾಫಿ ಬರುತ್ತಿರಲಿಲ್ಲ. ಅದಕ್ಕೆ ಅವರ ಬಳಿ ಯಾವ ಅಂಕಿಯೂ ಇರಲಿಲ್ಲ. ಜಗಲಿಯ ಮಾತು ಮಾತ್ರ ಅಲ್ಲೂ ಅಷ್ಟೇ ಹೊತ್ತು ನಡೆಯುತ್ತಿತ್ತು.

ಒಂದು ಮನೆಯ ವಿಷಯ ಹೇಳಬೇಕು. ಆ ದಂಪತಿಯನ್ನು ಗಿರಿಜಾಂಬಾ, ಶಿವಲಿಂಗಯ್ಯ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬರೆದರೆ ಪ್ರೇಮ್‌ಕುಮಾರ್ ಅವರು ಈ ಸಂಪುಟವನ್ನೇ ಹಿಂದಕ್ಕೆ ಕಳಿಸುತ್ತಾರೆ. ಪಾತ್ರೆ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟಿದ್ದ ಶಿವಲಿಂಗಯ್ಯನವರು ನಮ್ಮನ್ನು ಕಂಡೊಡನೆ, ತಮ್ಮ ಮನೆಯಲ್ಲಿ ಮಾತ್ರೆ ತಪ್ಪುವ ಪ್ರಶ್ನೆಯೇ ಇಲ್ಲ, ತಾವೇ ತಂದುಕೊಡುವುದು ಎಂದು ಘೋಷಿಸಿದರು. ಆ ಮನೆಯಲ್ಲಿ ಕಾಫಿ ಬಂತು. ಪ್ರೇಮ್‌ಕುಮಾರ್ ಸಕ್ಕರೆ ಬೇಡವೆಂದರು.

"ಏನ್ರೀ, ನಮ್ಮನೆ ಸಕ್ಕರೆ ಮೇಲೆ ಅನುಮಾನವೋ, ನಿಮ್ಮ ಮೈ ಮೇಲೋ?" ಎಂದರು ಶಿವಲಿಂಗಯ್ಯ.

"ಎರಡರ ಮೇಲೂ ಸಾರ್. ಅನುಮಾನ ಪಡೋದೇ ನಮ್ಮ ಕಸುಬು."

ಜಗಲಿಯಲ್ಲಿ ನಗು ಎದ್ದಾಗ, ಒಳಗೆ ಗಿರಿಜಾಂಬಾ ಅವರು ದೇವರ ಗೂಡಿನ ಪಕ್ಕದಿಂದ ಒಂದು ಟೀ ಪುಡಿಯ ಡಬ್ಬಿ ತಂದರು. ಅದರಲ್ಲಿ ತಿಂಗಳುಗಳ ಮಾತ್ರೆ ಪಟ್ಟಿಗಳಿದ್ದವು. ಕೆಲವು ಖಾಲಿ, ಬಹಳಷ್ಟರಲ್ಲಿ ಇನ್ನೂ ಮಾತ್ರೆ ಉಳಿದಿದ್ದವು. ಅವತ್ತು ಶ್ರಾವಣದ ಸೋಮವಾರ.

"ಬುಟ್ಟ ದಿನದ ಲೆಕ್ಕ ನಾನಿಟ್ಟಿಲ್ಲ ಕಣಮ್ಮ," ಎಂದರು ಮೆಲ್ಲಗೆ. "ತಗೊಂಡ ದಿನ ಬೇಕಾದ್ರೆ ಹೇಳ್ತೀನಿ, ಅದು ಸುಲಭ. ಸೋಮವಾರ ಒಪ್ಪತ್ತು, ಖಾಲಿ ಹೊಟ್ಟೆಗೆ ತಗೊಂಡ್ರೆ ತಲೆ ಸುತ್ತುತ್ತೆ. ಅಮಾವಾಸ್ಯೆ, ಹುಣ್ಣಿಮೆ ಹಂಗೇ. ನೆಂಟರು ಬಂದ್ರೆ ಮರ್ತೇ ಹೋಗುತ್ತೆ. ಅವ್ರು ಪಾಪ ತಪ್ಪದೆ ತಂದ್ಕೊಡ್ತಾರೆ. ಅವ್ರ ಮುಂದೆ ಹೆಂಗೆ ಹೇಳ್ಲಿ?"

ನಾನು ಎಣಿಸಿದೆ. ಆ ತಿಂಗಳು ಹನ್ನೊಂದು ದಿನ ತಪ್ಪಿತ್ತು. ನನ್ನ ಕಡತದಲ್ಲಿ ಅವರು ಸೊನ್ನೆಯಾಗಿದ್ದರು. ಯಾರಾದರೂ ದಾದಿ ಬಂದು, ಒಪ್ಪತ್ತಿನ ದಿನ ಮಾತ್ರೆಯನ್ನು ಹೇಗೆ, ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿ ಹೇಳಿದ್ದರೆ ಸಾಕಿತ್ತು. ಆ ದಾದಿ ಆ ಬೀದಿಗೆ ಬರದಂತೆ ಮಾಡಿದ್ದು ನಾನು. ಇದನ್ನು ಹೊರಗೆ ಬಂದು ಪ್ರೇಮ್‌ಕುಮಾರ್ ಅವರಿಗೆ ಹೇಳಿದೆ. ಅವರು ಚೀಲದಿಂದ ಪಟ್ಟಿ ತೆಗೆದು, ಮುಂದಿನ ಮನೆ ಸಂಖ್ಯೆ ಓದಿ, ಎಡಗಡೆ ತಿರುಗಬೇಕು ಎಂದರು.

ಎಪ್ಪತ್ನಾಲ್ಕರಲ್ಲಿ ಅರವತ್ತೆಂಟು ಮಂದಿ ಸಿಕ್ಕರು. ಅವರಲ್ಲಿ ನಲವತ್ತೊಂಬತ್ತು ಮಂದಿಗೆ ವಾರಕ್ಕಿಂತ ಹೆಚ್ಚು ದಿನ ಮಾತ್ರೆ ತಪ್ಪಿತ್ತು. ಏಳು ಮಂದಿ ಎರಡನೆಯ ಸಲವೂ ಸುಮ್ಮನಿದ್ದರು. ಅವರಿಗೆ ಪ್ರೇಮ್‌ಕುಮಾರ್ ಮತ್ತೆ ತೊಂಬತ್ತೊಂಬತ್ತು ಎಂದೇ ಬರೆಯಿಸಿದರು. ಎಂಟು ಅಥವಾ ಒಂಬತ್ತು ದಿನವೆಂದು ಅಂದಾಜಿಸಿ ತುಂಬಿದರೆ ನಮ್ಮ ವಾದಕ್ಕೆ ಬಲ ಬರುತ್ತಿತ್ತು, ಕಂಪನಿಯವರೂ ಆಕ್ಷೇಪಿಸುತ್ತಿರಲಿಲ್ಲ. ನಾನು ಅದನ್ನು ಸೂಚಿಸಿಯೂಬಿಟ್ಟೆ. ನೀನು ಮೊದಲು ಮಾಡಿದ್ದೂ ಇದನ್ನೇ ಅಲ್ಲವೇನಮ್ಮ ಎಂದು ಕೇಳಿದರು. ಇಪ್ಪತ್ತನೆಯ ತಾರೀಖು ಮಧ್ಯಾಹ್ನ ಕಡತ ಹೋಯಿತು. ಇಪ್ಪತ್ತೆರಡರ ಸಭೆಯಲ್ಲಿ ನಜರ್‌ಬಾದ್ ಐದರಲ್ಲಿ ಒಂದಾಯಿತು. ಅಕ್ಟೋಬರಿನಲ್ಲಿ ಮೊದಲ ದಾದಿ ಆ ಬೀದಿಗೆ ಹೋದಳೆಂಬ ಸುದ್ದಿ ಬಂದಾಗ ಮಂಜುಳಮ್ಮ ಕಚೇರಿಗೆಲ್ಲ ಮೈಸೂರುಪಾಕು ಹಂಚಿ, ಸಕ್ಕರೆ ಬೇಡವೆನ್ನುವ ಪ್ರೇಮಣ್ಣನಿಗೆ ಮಾತ್ರ ಅದನ್ನು ಸುತ್ತಿದ್ದ ಬರೀ ಪೇಪರ್ ಕೊಟ್ಟರು.

ಅದಾದ ಮೇಲೆ ಆರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ಕೋವಿಡ್ ದಿನಗಳಲ್ಲಿ ಎಲ್ಲರೂ ಹೇಗಾದರೂ ಸರಿ ಡೇಟಾ ಕೊಡಿ ಎನ್ನುತ್ತಿದ್ದಾಗ, ಫೋನಿನಲ್ಲಿ ಕೇಳಿದ್ದನ್ನೂ ಮನೆಗೆ ಹೋಗಿ ಕೇಳಿದ್ದನ್ನೂ ಅವರು ಒಂದರೊಳಗೊಂದು ಬೆರೆಸಲು ಬಿಡಲಿಲ್ಲ. ನನ್ನ ತಂದೆಯ ಶಸ್ತ್ರಚಿಕಿತ್ಸೆಯ ವಾರ ನನ್ನ ಪಾಲಿನ ಕೆಲಸವನ್ನು ಕೇಳದೆಯೇ ಮಾಡಿಟ್ಟಿದ್ದರು. ನನ್ನ ತಪ್ಪನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಹೊಸಬರಿಗೆ ಉದಾಹರಣೆ ಕೊಡುವಾಗಲೂ ತಮ್ಮ ತಪ್ಪುಗಳನ್ನೇ ಹೇಳುತ್ತಿದ್ದರು. ಆದರೂ ನಾನು ಮೊದಲ ದಿನ ಕಾದ ಮಾತಿಗಾಗಿ ಕಾಯುತ್ತಲೇ ಇದ್ದೆ. ಯಾವುದಾದರೊಂದು ಸಂಜೆ, ಚೀಲ ಹೆಗಲಿಗೇರಿಸುವಾಗ, ಬಾಗಿಲ ಬಳಿ ತಿರುಗಿ ಹೇಳಿಯಾರೆಂದು.

ಕಳೆದ ಜೂನ್‌ನಲ್ಲಿ, ನಿವೃತ್ತಿಗೆ ನಾಲ್ಕು ದಿನ ಮೊದಲು, ತಿದ್ದೋಲೆಗಳ ಕಟ್ಟನ್ನು ನನಗೆ ಒಪ್ಪಿಸಿದರು. ಒಟ್ಟು ನಲವತ್ತಮೂರು. ನನ್ನದು ಇಪ್ಪತ್ತೊಂಬತ್ತನೆಯದು. ಮೊದಲ ಒಂಬತ್ತೂ ಅವರದೇ ಕೈಬರಹ. ಎಲ್ಲಕ್ಕಿಂತ ಹಳೆಯದು 2005ರದು: ಒಂದು ಆಸ್ಪತ್ರೆಯ ಎರಡು ತಿಂಗಳ ಅಂಕಿಗಳನ್ನು ಅವರು ಎರಡೆರಡು ಸಲ ಸೇರಿಸಿದ್ದರು. ಅದರ ಕೆಳಗೆ ಅಂದಿನ ಹಿರಿಯ ಅಧಿಕಾರಿಯೊಬ್ಬರು ಹಸಿರು ಶಾಯಿಯಲ್ಲಿ ಪರವಾಗಿಲ್ಲ ಎಂದು ಬರೆದು ಸಹಿ ಮಾಡಿದ್ದರು. ಆ ಪದದ ಮೇಲೆ ನೇರವಾಗಿ ಒಂದು ಗೆರೆ ಎಳೆದಿತ್ತು. ಪಕ್ಕದಲ್ಲಿ ಪ್ರೇಮ್‌ಕುಮಾರ್ ಅವರ ಪುಟ್ಟ ಸಹಿ. ಹೊಡೆದುಹಾಕಿದ್ದಕ್ಕೂ ಸಹಿ ಬೇಕೆಂಬುದು ಅವರದೇ ನಿಯಮ. ನಾನು ಅದನ್ನು ಓದುವವರೆಗೆ ಅವರು ಕಾದರು. ಆಮೇಲೆ ಹಾಳೆ ತಿರುವಿ ಎರಡನೆಯದನ್ನು ತೋರಿಸಿದರು.

ಈಗ ಅವರು ಅಶೋಕಪುರಂನ ಮನೆಯಲ್ಲಿ, ಮನೆಬಾಗಿಲಿಗೆ ಹೋಗಿ ಪ್ರಶ್ನೆ ಕೇಳುವವರಿಗಾಗಿ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದಾರೆ. ಸುಮ್ಮನಿದ್ದವರ ಅಧ್ಯಾಯ ಇನ್ನೂ ಮುಗಿದಿಲ್ಲವಂತೆ. ಅದನ್ನು ಮುಗಿಸುವಷ್ಟೇ ಅಲ್ಲ, ಅಚ್ಚಾದ ಮೇಲೆ ಅದರಲ್ಲಿನ ತಪ್ಪುಗಳಿಗೆ ತಾವೇ ತಿದ್ದೋಲೆ ಬರೆಯುವಷ್ಟು ಆಯುಸ್ಸು, ಹಳೆಯ ಚೀಲ ಹೆಗಲಿಗೇರಿಸಿ ನಮ್ಮೊಡನೆ ಇನ್ನೂ ಹಲವು ಬೀದಿಗಳನ್ನು ಸುತ್ತುವಷ್ಟು ಮಂಡಿಯ ಬಲ, ಅವರಿಗೆ ಇರಲಿ. ಭಂಡಾರವನ್ನು ಅವರಿಟ್ಟ ಹಾಗೇ ಇಡುತ್ತೇವೆ. ಬೀರುವಿನ ಕೀ ಈಗಲೂ ಎರಡು ಕೈಗಳಲ್ಲಿದೆ, ಅದರಲ್ಲೊಂದು ನನ್ನದು.

ಅವರು ನನಗೆ ಕೆಲಸ ಕಲಿಸಿದರು, ಬೀದಿ ಸುತ್ತಿಸಿದರು, ಕೀ ಕೊಟ್ಟರು. ಪರವಾಗಿಲ್ಲ ಎಂದು ಮಾತ್ರ ಎಂದೂ ಹೇಳಲಿಲ್ಲ.